ಹೆಳವ ಹೇಳದ ಹೆಸರು

೧೨ ಫೆಬ್ರುವರಿ ೧೯೮೪, ಭಾನುವಾರ. ಹೋಳೂರು.

ಟೇಪಿನಲ್ಲಿ ಅಪ್ಪನ ದನಿಯೂ ಸೇರಿಹೋಗಿದೆ. ಅಳಿಸುವುದೋ ಬೇಡವೋ ಎಂದು ಸಂಜೆಯಿಂದ ತಲೆ ತಿನ್ನುತ್ತಿದೆ.

ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ವಂಶಾವಳಿಯನ್ನು ಬಾಯಲ್ಲೇ ಇಟ್ಟುಕೊಂಡು ಹಾಡುವವರಿದ್ದಾರೆ ಎಂದು ಎಂ.ಎ. ತರಗತಿಯಲ್ಲಿ ಕೇಳಿದಾಗ ನನಗೆ ನೆನಪಾದದ್ದು, ಸುಗ್ಗಿ ಮುಗಿದ ಮೇಲೆ ಬಂದು ನಮ್ಮ ಹಿರಿಯರ ಹೆಸರು ಒಪ್ಪಿಸುವ ಹೆಳವ. ಇಬ್ಬರನ್ನೂ ಹೋಲಿಸಿ ಪ್ರಬಂಧ ಬರೆಯುತ್ತೇನೆಂದೆ. ಮೇಷ್ಟ್ರು ಡಿಪಾರ್ಟ್‌ಮೆಂಟಿನ ಟೇಪ್ ರೆಕಾರ್ಡರ್ ಕೊಟ್ಟರು. "ಪರಂಪರೆ ಇದ್ದ ಹಾಗೇ ಉಳೀಬೇಕಮ್ಮ. ಏನೂ ಸೇರಿಸಬೇಡ, ಏನೂ ತೆಗೀಬೇಡ" ಎಂದರು.

ಇವತ್ತು ಹೆಳವ ಬಂದ. ಎತ್ತಿನ ಮೇಲೆ ಕೂತೇ ಮುತ್ತಜ್ಜಂದಿರಿಂದ ಹಿಡಿದು ಎಲ್ಲರನ್ನೂ ಹೇಳಿದ. ಇನ್ನೂ ಹೆಸರಿಡದ ಅಣ್ಣನ ಮಗನನ್ನೂ 'ಗಂಡುಕೂಸು' ಎಂದು ಸೇರಿಸಿ ಮುಗಿಸಿದ. ಮೊರದಲ್ಲಿ ರಾಗಿ ತಂದಿದ್ದ ಅಪ್ಪ ಕೊಡದೆ ನಿಂತರು.

"ನಮ್ ಶ್ಯಾಮಲನ ಹೆಸ್ರು ಹೇಳ್ಲಿಲ್ವಲ್ಲಯ್ಯ? ಎಂಎ ಓದ್ತಾವ್ಳೆ."

"ಹೆಣ್ಮಕ್ಳನ್ನ ಹೇಳೋ ಪದ್ಧತಿ ಇಲ್ಲ ಗೌಡ್ರೇ. ಮದ್ವೆ ಆಗ್ಲಿ, ಆ ಮನೆ ಹೆಳವ ಹೇಳ್ತಾನೆ, ಇಂಥೋನ ಹೆಂಡ್ತಿ ಅಂತ."

ಅಪ್ಪ ರಾಗಿ ಸುರಿದರು. ನಾನು ಓಡುತ್ತಿದ್ದ ರೆಕಾರ್ಡರ್ ಹಿಡಿದೇ ನಿಂತಿದ್ದೆ. ಏನೂ ಸೇರಿಸಬಾರದಲ್ಲ.

ಇಷ್ಟು ದಿನ ಓದಿದ ಆಫ್ರಿಕಾದ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ ಎಂದು ಒಮ್ಮೆಯೂ ಹುಡುಕಿರಲಿಲ್ಲ. ಹಾಸ್ಟೆಲಿಗೆ ಹೋದ ಕೂಡಲೇ ನೋಡಬೇಕು.

ಈಗ ಮತ್ತೆ ಹಾಕಿ ಕೇಳಿದೆ. ಎಲ್ಲ ಹೆಸರೂ ಮುಗಿದ ಮೇಲೆ, ಎತ್ತಿನ ಗಂಟೆಯ ಸದ್ದಿನ ನಡುವೆ, ಅಪ್ಪನ ಬಾಯಲ್ಲಿ ನನ್ನ ಹೆಸರಿದೆ.

ಏನೂ ತೆಗೆಯಬಾರದೆಂದು ಮೇಷ್ಟ್ರೇ ಹೇಳಿದ್ದಾರೆ.