ಎಲ್ಲ ಹೆಸರುಗಳನ್ನೂ ಬದಲಿಸಲಾಗಿದೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ ಎಂದು ಕೇಳಲು ನಿನ್ನಮ್ಮ ಇಲ್ಲ. ಅವಳ ಪಾಲಿನದನ್ನೂ ನಾನೇ ಕೇಳಬೇಕು. ಗಣಿ ಕೆಲಸದವರ ಬಗ್ಗೆ ಬರೆಯಲು ಹೋದವಳು ಫೋನನ್ನೂ ಗಣಿಯೊಳಗೇ ಹೂತುಬಿಟ್ಟೆಯಾ? ಅದಕ್ಕೇ ಈ ಕಾಗದ. ನನ್ನ ಮಂಡಿ ಅದರ ಪಾಡಿಗೆ ಗೊಣಗುತ್ತಿದೆ, ನಾನು ನನ್ನ ಪಾಡಿಗೆ.

ಚರಂಡಿ ಕೆಲಸದವರ ಓಣಿಯನ್ನು ಖಾಲಿ ಮಾಡಿಸಲು ನಗರಸಭೆ ನೋಟಿಸು ಅಂಟಿಸಿದೆ. ಮೂರು ತಲೆಮಾರಿನಿಂದ ಇಲ್ಲೇ ಇದ್ದೇವೆ ಎನ್ನುವುದಕ್ಕೆ ಸಾಕ್ಷಿ ತನ್ನಿ ಎಂದರಂತೆ. ಅವರ ಹತ್ತಿರ ಇದ್ದದ್ದು ಆ ಓಣಿಯವರ ಬಗ್ಗೆ ನೀನು ಬರೆದ ಪುಸ್ತಕ ಒಂದೇ. ಗಂಡನನ್ನು ಮ್ಯಾನ್‌ಹೋಲಿನಲ್ಲಿ ಕಳೆದುಕೊಂಡವಳು, ನೀನು 'ಅಜ್ಜಿ' ಎನ್ನುತ್ತೀಯಲ್ಲ, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಚೇರಿಗೆ ಹೊರಟಳು. ಜೊತೆಗೆ ನಾನೂ ಹೋದೆ. ಅಧಿಕಾರಿ ಮೊದಲ ಹಾಳೆಯಲ್ಲೇ 'ಎಲ್ಲ ಹೆಸರುಗಳನ್ನೂ ಬದಲಿಸಲಾಗಿದೆ' ಎಂಬ ನಿನ್ನ ಸಾಲಿನ ಮೇಲೆ ಬೆರಳಿಟ್ಟು, "ಇದ್ರಲ್ಲಿ ನೀವೆಲ್ಲಿದ್ದೀರಮ್ಮಾ?" ಎಂದ. ಅವರಿಗೆ ಕೆಲಸ ಕೊಡುವ ಕಂಟ್ರಾಕ್ಟರನ ಕಣ್ಣಿಗೆ ಬೀಳದಿರಲಿ ಎಂದು ನೀನು ಹಾಗೆ ಮಾಡಿದ್ದೆ, ಗೊತ್ತು. ಎಥಿಕ್ಸ್, ಪ್ರೈವಸಿ ಎಂದು ನನಗೇ ಪಾಠ ಹೇಳಿದ್ದೆ. ನಮ್ಮ ಕಾಲೇಜಿನಲ್ಲಿ ಪೊಯೆಟಿಕ್ ಜಸ್ಟಿಸ್, ಮಾಡಿದ್ದಕ್ಕೆ ತಕ್ಕ ಫಲ, ಅಂತೇನೋ ಕಲಿಸಿದ್ದರು. ಇದು ಅದೋ, ಅದರ ಉಲ್ಟಾನೋ, ನೆನಪಾಗುತ್ತಿಲ್ಲ.

ಬರೆದವಳ ಅಪ್ಪ ನಾನೇ ಎನ್ನಲು ಎದ್ದು ನಿಂತು, ಅರ್ಜಿಯ ಇಂಗ್ಲಿಷಿನಲ್ಲಿ 'ಸರ್, ದಿ ಅಂಡರ್‌ಸೈನ್ಡ್ ಈಸ್ ಹರ್ ಫಾದರ್' ಎಂದು ಶುರು ಮಾಡಿದೆ. ಮುಂದಿನದು ಬಾಯಿಗೇ ಬರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಅಜ್ಜಿ, "ಹೆಸ್ರು ಬದಲಿಸು ಅಂತ ನಾನೇನು ಕೇಳಿದ್ನಾ? ಅವಳಿಟ್ಟ ಹೆಸ್ರು ಚೆನ್ನಾಗೇ ಇದೆಯಪ್ಪಾ. ಆದ್ರೆ ಆ ಹೆಸ್ರಿನೋಳ ಗಂಡ ಸತ್ತಿಲ್ವಲ್ಲ, ಸತ್ತಿದ್ದು ನನ್ನ ಗಂಡ" ಎಂದಳು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದೆ, ದಾರಿಯಲ್ಲಿ ಪಾಪದ ಬಸ್ ಕಂಡಕ್ಟರನ ಮೇಲೆ ಹರಿಹಾಯ್ದೆ. ನೀನು ಸಭೆಗಳಲ್ಲಿ ಇವರ ಪರ ಮಾತಾಡಿದರೆ ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟಿದ್ದೇನೆ. ಆ ಚಪ್ಪಾಳೆಗಳಲ್ಲಿ ಒಂದಾದರೂ ಆ ಅಧಿಕಾರಿಯ ಮೇಜಿನ ಹತ್ತಿರ ಬಂದು ನಿಲ್ಲಬಾರದಿತ್ತೇ?

ಬಿಸಿನೀರು ಕುಡಿ. ನಿನ್ನಮ್ಮನ ಆಶೀರ್ವಾದ, ನನ್ನ ಆಶೀರ್ವಾದ, ಮೇಲೆ ಒಂದಿಷ್ಟು ನನ್ನ ಸಿಟ್ಟು.

ನಿನ್ನ,
ಅಪ್ಪ

ಮರೆತಿದ್ದೆ: ಬರೆದವಳೇ ಬಂದು ಯಾವ ಹೆಸರು ಯಾರದು ಎಂದು ಹೇಳಿದರೆ ಅಧಿಕಾರಿ ಒಪ್ಪುತ್ತಾನಂತೆ. ಮುಂದಿನ ವಾರ, ಗುರುವಾರ, ಕೊನೆಯ ವಿಚಾರಣೆ. ಕಂಟ್ರಾಕ್ಟರ್ ಕೆಲಸದಿಂದ ತೆಗೆದರೆ ತೆಗೆಯಲಿ, ಅವಳು ನಮ್ಮ ಹೆಸರು ಹೇಳಿಬಿಡಲಿ ಎಂದು ಓಣಿಯವರೆಲ್ಲ ಒಪ್ಪಿದ್ದಾರೆ. ನಿನ್ನನ್ನು ಕೇಳದೆ, ಬರುತ್ತಾಳೆ ಎಂದು ಮಾತು ಕೊಟ್ಟಿದ್ದೇನೆ. ಅಜ್ಜಿಯ ನಿಜವಾದ ಹೆಸರು ನಿನಗೆ ನೆನಪಿದೆ ತಾನೇ? ನಾನೂ ಇಷ್ಟು ದಿನ ಅಜ್ಜಿ ಎಂದೇ ಕರೆದುಬಿಟ್ಟೆ. ಈಗ ಕೇಳಲು ನಾಚಿಕೆ.