ಮುತಿಂತಾಳ ಮಾತ್ರೆಗೆ ನಾನೇ ಸಹಿ ಹಾಕಿದೆ

ಮುತಿಂತಾಳ ಅಪ್ಪನಿಗೆ,

ಚರ್ಮದ ಡಾಕ್ಟರು ಬರೆದ ಮೊಡವೆಯ ಆ ಬಲವಾದ ಮಾತ್ರೆಯನ್ನು ಇವತ್ತು ಶುರುಮಾಡಿಸಿದ್ದೇನೆ. ಒಪ್ಪಿಗೆ ಕಾಗದಕ್ಕೆ ನಾನೇ ಸಹಿ ಹಾಕಿದೆ. "ವಯಸ್ಸಿನ ಮೊಡವೆ ಕಣೇ, ತಾನಾಗೇ ಹೋಗುತ್ತೆ" ಅಂತ ಎರಡು ವರ್ಷ ಹೇಳಿದಿರಿ. ನಿಮ್ಮಕ್ಕ ಹೇಳಿದ ಲೋಳೆಸರ ಹಚ್ಚಿದ್ದೂ ಆಯಿತು. ಮಗಳ ಕೆನ್ನೆಯಲ್ಲಿ ಮೊಡವೆ ಕಲೆಯ ಗುಳಿಗಳು ಉಳಿದವು, ಅಷ್ಟೆ. "ಅಮ್ಮಾ, ಆ ಕನ್ನಡಿ ತೆಗೆದುಬಿಡು" ಅಂದಳು ಮೊನ್ನೆ.

ಈ ಮಾತ್ರೆಯಿಂದ ಲಿವರ್‌ಗೂ ಮನಸ್ಸಿಗೂ ಆಗಬಹುದಾದ ಅಪಾಯ ನನಗೂ ಗೊತ್ತು. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ನಾನೇ ಕರೆದೊಯ್ಯುತ್ತೇನೆ.

ಸಂಜೆಯ ಮಾತ್ರೆ ನೀವು ಕೊಡಿ. ಖಾಲಿ ಹೊಟ್ಟೆಗೆ ಬೇಡ. ಎನ್‌ಶಿಮಾ ಮುದ್ದೆಗೆ ಶೇಂಗಾಪುಡಿ ಹಾಕಿದ ಸೊಪ್ಪು ಮಾಡಿಟ್ಟಿದ್ದೇನೆ. ಅವಳು ಮಂಕಾಗಿ ಕೂತರೆ ತಕ್ಷಣ ಫೋನ್ ಮಾಡಿ.

ಕೆಲಸದ ಮೇಲೆ ಲಿವಿಂಗ್‌ಸ್ಟನ್ ಊರಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ. ಜಗಳವಿದ್ದರೆ ನನ್ನ ಹತ್ತಿರ ಆಡಿ, ಅವಳ ಮುಂದೆ ಬೇಡ. ನಾನಂತೂ ಹಿಂದೆ ಸರಿಯುವುದಿಲ್ಲ.

ಮುಖ ತೋರಿಸಲಾರದೆ ಮನೆಯಲ್ಲೇ ಇದ್ದವಳು ಮೂರು ವಾರದ ಮೇಲೆ ಇವತ್ತು ಶಾಲೆಗೆ ಹೋಗಿದ್ದಾಳೆ. ಬಂದಾಗ ಅವಳ ಮುಖ ನೋಡಿ ಮಾತಾಡಿಸಿ.

– ಮುತಿಂತಾಳ ಅಮ್ಮ