ಹಿತ್ತಲಿಗೆ ಬಂದವರು

ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲಿ ಕತ್ತರಿಯ ಕೆಳಗೇ ಇಟ್ಟಿದ್ದೆ. ಕತ್ತರಿ ತೆಗೆದಾಗಲೆಲ್ಲ ನಿನ್ನ ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ಡ್ರಾಯರು ತಳ್ಳಿಬಿಡುತ್ತಿದ್ದೆ. ಶಾಲೆಯ ಸಮವಸ್ತ್ರಗಳ ಕೆಲಸ ಕುತ್ತಿಗೆವರೆಗೂ ಬಂದಿದೆ ಎಂದು ನೆಪ ಹೇಳಬಹುದಿತ್ತು. ಆದರೆ ನಿನಗೆ ಏನು ಉತ್ತರ ಕೊಡಬೇಕೆಂದೇ ತಿಳಿದಿರಲಿಲ್ಲ. ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದದ್ದು ಸಾಕು, ಈಗ ಸಮಾಧಾನವಾಗಿ ಕೂತು ಓದು.

ಇಪ್ಪತ್ತನೇ ತಾರೀಖು ಶನಿವಾರ ಭಾವ ಕಾರು ತರುತ್ತಾರೆ, ಇವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಿಬಿಡೋಣ, ಒಬ್ಬಳೇ ಎಷ್ಟು ದಿನ ಬಾಗಿಲು ಕಾಯುತ್ತಾ ಕೂರುತ್ತೀಯ ಎಂದು ಬರೆದಿದ್ದೀಯ. ನೀನು ಬಂದಾಗ ನೋಡಿದ್ದೆಲ್ಲ ನಿಜ. ಲೈನಿನ ಕೆಲಸದಲ್ಲಿ ಕಂಬದಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಇವರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಚಿಲಕ ತೆಗೆಯುವುದು, ಬೀದಿಗೆ ಇಳಿಯುವುದು, ಕಂಡ ಕಂಡ ವಿದ್ಯುತ್ ಕಂಬದ ಕೆಳಗೆ ನಿಂತು ತಂತಿ ನೋಡುವುದು. ನಾನು ಒಂದು ಕಿವಿಯನ್ನು ಮಿಷಿನ್ನಿಗೂ ಇನ್ನೊಂದನ್ನು ಚಿಲಕಕ್ಕೂ ಕೊಟ್ಟು ಹೊಲಿಯುತ್ತಿದ್ದೆ. ದೊಡ್ಡ ರಸ್ತೆಯ ನಡುವೆ ಮುಖ ಮೇಲೆತ್ತಿಕೊಂಡು ನಿಂತಿದ್ದ ದಿನ ಲಾರಿಯವನು ಬ್ರೇಕು ಹಾಕದಿದ್ದರೆ ಈ ಕಾಗದದ ಸುದ್ದಿಯೇ ಬೇರೆ ಇರುತ್ತಿತ್ತು.

ಆದರೆ ನೀನು ಹೋದ ಮೇಲೆ ನಮ್ಮ ಹಿತ್ತಲಿನಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ.

ಬಟ್ಟೆ ನೆನೆಸುವ ಮಣ್ಣಿನ ತಟ್ಟೆಯಲ್ಲಿ ಒಂದಿಷ್ಟು ನೀರು ಉಳಿದಿತ್ತು, ಹಾಗೇ ಬಿಟ್ಟಿದ್ದೆ. ಬಿಸಿಲು ಸುಡುತ್ತಿತ್ತು. ಒಂದು ಪಿಕಳಾರ ಹಕ್ಕಿ ಬಂದು ಅಂಚಿನಲ್ಲಿ ಕೂತು, ಅತ್ತ ಇತ್ತ ನೋಡಿ, ಒಂದು ಗುಟುಕು ಕುಡಿಯಿತು. ಚಿಲಕದ ಕಡೆಗೆ ಹೊರಟಿದ್ದ ಇವರು ಅದನ್ನು ಕಂಡು ನಿಂತರು. ಆಮೇಲೆ ಹೊಸ್ತಿಲ ಮೇಲೆ ಕೂತರು. ನಾನು ಕೊಟ್ಟ ಚಹಾ ಆರಿ ಕೆನೆ ಕಟ್ಟಿದರೂ ಎದ್ದಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಅಂದೇ ನೋಡಿದ್ದು.

ಅವತ್ತಿನಿಂದ ನನಗೆ ಹಕ್ಕಿಗಳ ಹುಚ್ಚು ಹಿಡಿಯಿತು ಎಂದುಕೋ. ಗೋಡೆಯ ಹತ್ತಿರ ಹಳೆ ಬೆಂಚು ಹಾಕಿದೆ. ಮೊದಲು ತಟ್ಟೆಯ ತುಂಬ ನೀರು ಸುರಿದಿದ್ದೆ, ಒಂದೂ ಬರಲಿಲ್ಲ. ಆಳ ಕಂಡರೆ ಪುಟ್ಟ ಹಕ್ಕಿಗಳಿಗೆ ಹೆದರಿಕೆಯಂತೆ. ಕಾಲೂರಲು ಒಂದು ಚಪ್ಪಟೆ ಕಲ್ಲಿಟ್ಟೆ. ತೂತು ಮಾಡಿದ ಬಾಟಲಿಯನ್ನು ಮೇಲೆ ನೇತುಹಾಕಿದೆ. ಹನಿ ಬೀಳುವ ಸದ್ದಿಗೇ ಎಲ್ಲೆಲ್ಲಿಂದಲೋ ಬಂದವು. ದಾಸವಾಳ ಸವರುವುದನ್ನು ನಿಲ್ಲಿಸಿದ ಮೇಲೆ ಸೂರಕ್ಕಿ ಬಂತು. ನಿಂಬೆ ಗಿಡದ ಎಲೆಯನ್ನು ಹುಳು ತಿಂದರೆ ತಿನ್ನಲಿ ಎಂದು ಬಿಟ್ಟೆ, ಚಿಟ್ಟೆಗಳಾದವು. ಅಳಿಲು ಕಿಟಕಿಯಿಂದ ಒಳಗೇ ಬಂದು ನೀಲಿ ಬಟ್ಟೆಯ ಚೂರು ಕಚ್ಚಿಕೊಂಡು ಹೋಗಿ ಗೂಡಿಗೆ ಹಾಸಿದೆ. ಈ ವರ್ಷ ಅದರ ಮರಿಗಳಿಗೂ ಸಮವಸ್ತ್ರ. ಇದನ್ನು ಇವರಿಗೆ ಹೇಳಿದಾಗ ನಕ್ಕರು. ಎಷ್ಟು ಕಾಲವಾಗಿತ್ತು ಗೊತ್ತಾ ಆ ನಗು ಕೇಳಿ? ಹಕ್ಕಿ ಬಂದಾಗ ನಾನು ಮಿಷಿನ್ನು ತುಳಿದರೆ ಇವರು ಬಾಯಿಗೆ ಬೆರಳಿಟ್ಟು ನನ್ನ ಕಡೆ ಕಣ್ಣು ಬಿಡುತ್ತಾರೆ. ಚಿಲಕದ ನೆನಪೇ ಇಲ್ಲ.

ಇಷ್ಟೇ ಆಗಿದ್ದರೆ ಅಂದೇ ನಿನಗೆ ಬರೆಯುತ್ತಿದ್ದೆ. ಪಕ್ಕದ ಮನೆಯ ಬಡಗಿ ನಿನಗೆ ನೆನಪಿರಬಹುದು, ಗಟ್ಟಿ ಗಂಟಲಿನವನು. ಅವನ ಕೂಸು ಈಗ ಅಂಬೆಗಾಲಿಡುತ್ತಿದೆ. ಒಂದು ದಿನ ಗೋಡೆಯಾಚೆಯಿಂದ ಇಣುಕಿ, "ಅಕ್ಕಾ, ನೀವು ಹಕ್ಕಿ, ಕಪ್ಪೆ ಎಲ್ಲಾ ಕರೀತಿದ್ದೀರಿ. ಅವುಗಳ ಹಿಂದೆ ಇನ್ನೇನು ಬರುತ್ತೆ ಅಂತ ಯೋಚನೆ ಮಾಡಿದ್ದೀರಾ? ನನ್ನ ಮಗು ನೆಲದ ಮೇಲೆ ಓಡಾಡುತ್ತೆ" ಎಂದ. ಹಾವಿನ ಪೊರೆ ಸಿಕ್ಕಿತ್ತಂತೆ. ತಟ್ಟೆ ತೆಗೆದು ಹಿತ್ತಲು ಸವರಿಸದಿದ್ದರೆ ತಾನೇ ಬಂದು ಸವರುತ್ತೇನೆ ಎಂದೂ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ತಟ್ಟೆ ತೆಗೆದರೆ ಇವರು ಮತ್ತೆ ಬೀದಿಗೆ. ಎರಡು ದಿನ ತಡಿಯಪ್ಪಾ ಎಂದೆ. ಆ ಎರಡು ದಿನ ಹಿತ್ತಲಲ್ಲಿ ಎಲೆ ಅಲ್ಲಾಡಿದರೂ ಮಿಷಿನ್ನು ನಿಲ್ಲಿಸಿ ಕಿಟಕಿಗೆ ಓಡುತ್ತಿದ್ದೆ.

ಗುರುವಾರ ಸಂಜೆ ಎರಡು ಲೋಟ ಚಹಾ ಹಿಡಿದು ಬರಿಗಾಲಲ್ಲೇ ಹೋಗಿ ಇವರ ಪಕ್ಕ ಕೂತೆ. ತಟ್ಟೆಯ ಬಳಿ ಒಂದು ಹಕ್ಕಿಯೂ ಇರಲಿಲ್ಲ. ಪಿಕಳಾರಗಳು ಮಾತ್ರ ದಾಸವಾಳದೊಳಗೆ ಸೇರಿಕೊಂಡು ಕಿರುಚುತ್ತಿದ್ದವು. ಬೆಕ್ಕು ಬಂದಿರಬೇಕೆಂದು ಏಳಲು ಹೊರಟೆ. ಇವರ ಕೈ ಬಂದು ನನ್ನ ಮೊಣಕಾಲನ್ನು ಒತ್ತಿ ಹಿಡಿಯಿತು.

"ಅಲ್ಲಾಡಬಾರದು" ಎಂದರು.

ಆಗ ಬೆಂಚಿನ ಕೆಳಗಿನಿಂದ ಸದ್ದು ಬಂತು, ಕುಕ್ಕರು ಉಸಿರು ಬಿಟ್ಟ ಹಾಗೆ, ಉದ್ದಕ್ಕೆ. ಕಣ್ಣಷ್ಟೇ ಕೆಳಗಿಳಿಸಿದೆ. ನನ್ನ ಎರಡು ಪಾದಗಳ ನಡುವಿನಿಂದ ತಲೆ ಹೊರಬಂತು. ದಪ್ಪನೆಯ ಮೈ, ಮೇಲೆ ಸರಪಳಿಯಂತೆ ಕಂದು ಉಂಗುರಗಳು. ಮಂಡಲದ ಹಾವು. ಅದರ ಹೊಟ್ಟೆ ನನ್ನ ಕಾಲಿನ ಕಿರುಬೆರಳನ್ನು ಸವರಿಕೊಂಡೇ ಹೋಗುತ್ತಿತ್ತು, ತಣ್ಣಗೆ. ಕೈಯಲ್ಲಿನ ಲೋಟ ವಾಲಿ ಬಿಸಿ ಚಹಾ ಮಣಿಕಟ್ಟಿನ ಮೇಲೆ ಸುರಿಯುತ್ತಿದ್ದರೂ ಕೈ ಎಳೆದುಕೊಳ್ಳಲು ಆಗಲಿಲ್ಲ. ಇವರ ಬೆರಳುಗಳು ಮೊಣಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದವು.

ಅಷ್ಟರಲ್ಲಿ ಬಡಗಿ ಗೋಡೆಯಾಚೆಯಿಂದ ಕಂಡ. ಕೈಗೆ ಸಿಕ್ಕ ಮರದ ಪಟ್ಟಿ ಎತ್ತಿಕೊಂಡು, "ಅಕ್ಕಾ, ಕಾಲು ಮೇಲೆತ್ತಿ, ಬಂದೆ" ಎನ್ನುತ್ತಾ ಗೋಡೆ ಹತ್ತಿದ. ಅವನು ಕೆಳಗೆ ಧುಮುಕಿದರೆ ಆ ಅದುರಿಗೇ ಹಾವು ತಿರುಗಿ ಬೀಳುತ್ತಿತ್ತು. ಇವರು ತಲೆ ತಿರುಗಿಸಲಿಲ್ಲ, ದನಿ ಏರಿಸಲಿಲ್ಲ.

"ಅಲ್ಲೇ ಇರಪ್ಪ. ಪಟ್ಟಿ ಕೆಳಗಿಡು. ಅದು ನೀರಿಗೆ ಬಂದಿದೆ, ಕುಡಿದು ಹೋಗುತ್ತೆ."

ಅಕ್ಕಾ, ಆ ದನಿ ನಿನಗೂ ಗೊತ್ತು. ಕಂಬದ ತುದಿಯಲ್ಲಿ ನಿಂತು, ತಂತಿಯಲ್ಲಿ ಕರೆಂಟಿದೆ ಯಾರೂ ಮುಟ್ಟಬೇಡಿ ಎಂದು ಕೆಳಗಿದ್ದವರಿಗೆ ಹೇಳುತ್ತಿದ್ದ ದನಿ. ಬಡಗಿ ಗೋಡೆಯ ಮೇಲೆ ಒಂದು ಕಾಲು ಇತ್ತ, ಒಂದು ಕಾಲು ಅತ್ತ ಹಾಕಿಕೊಂಡು ಕಲ್ಲಾಗಿ ಕೂತ. ಹಾವು ತಟ್ಟೆಯವರೆಗೆ ಹರಿದು, ತಲೆ ಅಂಚಿಗಿಟ್ಟು, ಆತುರವೇ ಇಲ್ಲದೆ ನೀರು ಕುಡಿಯಿತು. ಆಮೇಲೆ ಗೋಡೆಯ ಬುಡದ ಸಂದಿಯಲ್ಲಿ ನುಸುಳಿತು. ಬಾಲದ ತುದಿ ಮರೆಯಾಗುವ ತನಕ ಇವರು ಕೈ ತೆಗೆಯಲಿಲ್ಲ.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಬಡಗಿ ಇಳಿದು ಬಂದು, "ಇವರಿಗೆ ಏನೂ ತಿಳಿಯಲ್ಲ ಅಂತಿದ್ದರು ಜನ. ಇವತ್ತು ನಿಮ್ಮನ್ನ ಉಳಿಸ್ಕೊಂಡ್ರಲ್ಲಕ್ಕಾ" ಎಂದ.

ಮರುದಿನ ಹಾವು ಹಿಡಿಯುವವರನ್ನು ಕರೆಸಿದೆವು. ಬಡಗಿಯ ಮನೆಯ ಕಡೆ ಮರದ ಚೂರುಗಳ ರಾಶಿಯ ಕೆಳಗೇ ಇತ್ತು, ಇಲಿಗಳನ್ನು ತಿಂದುಕೊಂಡು ಹಾಯಾಗಿ. ಹಿಡಿದು ಊರಾಚೆ ಬಿಟ್ಟರು. ಬಡಗಿ ತಾನೇ ರಾಶಿ ಸಾಗಿಸಿದ, ಗೋಡೆಯ ಸಂದಿಗೆ ಸಿಮೆಂಟು ಮೆತ್ತಿದ. ನಾನು ಬೆಂಚಿನ ಸುತ್ತ ಹುಲ್ಲು ಕೆತ್ತಿ, ತಟ್ಟೆಯನ್ನು ಎತ್ತರದ ಕಲ್ಲುಕಂಬದ ಮೇಲಿಟ್ಟೆ. ಈಗ ಚಪ್ಪಲಿ ಇಲ್ಲದೆ ಹಿತ್ತಲಿಗೆ ಹೋಗುವುದಿಲ್ಲ. ಹೆದರಿಕೆ ಪೂರ್ತಿ ಹೋಗಿದೆ ಎನ್ನಲಾರೆ. ಇವತ್ತು ಬೆಳಿಗ್ಗೆ ಪಿಕಳಾರಗಳು ಮತ್ತೆ ಬಂದವು, ಇವರು ಬೆಂಚಿನ ಮೇಲಿದ್ದಾರೆ. ಬರೆಯುತ್ತಲೇ ಅವರ ಬೆನ್ನು ನೋಡುತ್ತಿದ್ದೇನೆ.

ಅದಕ್ಕೇ ಅಕ್ಕಾ, ಶನಿವಾರ ಕಾರು ಬೇಡ. ಭಾವನಿಗೆ ನೀನೇ ಸಮಾಧಾನವಾಗಿ ಹೇಳು, ಅವರ ಒಳ್ಳೆಯ ಮನಸ್ಸು ನನಗೆ ಗೊತ್ತು. ಬರುವುದಾದರೆ ಮಕ್ಕಳನ್ನು ಕಟ್ಟಿಕೊಂಡು ಸುಮ್ಮನೆ ಬನ್ನಿ, ಅಳಿಲಿನ ಮರಿ ತೋರಿಸುತ್ತೇನೆ. ನಿನ್ನ ಮೊಣಕಾಲು ನೋವಿಗೆ ಬಿಸಿ ನೀರಿನ ಶಾಖ ಬಿಡಬೇಡ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ನಿನಗೂ ಭಾವನಿಗೂ ನಮಸ್ಕಾರ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೊಬ್ಬಳಿಗಾದರೂ ಗೊತ್ತಿರಲಿ. ಗುರುವಾರ ಬಡಗಿ ಹೋದ ಮೇಲೆ ಇವರು ಒಳಗಿನಿಂದ ನೀರು ತಂದು ಕೊಟ್ಟು, ನನ್ನಿಂದ ದೂರ, ಬೆಂಚಿನ ತುದಿಯಲ್ಲಿ ಕೂತರು. "ನೀವು ತುಂಬಾ ಹೆದರಿದ್ದೀರಿ. ಒಬ್ಬರೇ ಹೋಗಬೇಡಿ. ನಿಮ್ಮ ಯಜಮಾನರಿಗೆ ಹೇಳಿ ಕಳಿಸಲಾ? ಬಂದು ಕರ್ಕೊಂಡು ಹೋಗ್ತಾರೆ" ಎಂದರು. ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ ಅಕ್ಕಾ. ನಾನು ಇವರಿಗೆ ಬಟ್ಟೆ ಹೊಲಿಯುವ ಯಾರೋ ಒಬ್ಬಳು, ಪರರ ಮನೆಯ ಹೆಂಗಸು. "ಬೇಡ, ಅವರು ಬರ್ತಾರೆ. ಬರೋ ತನಕ ಇಲ್ಲೇ ಕೂತಿರ್ತೀನಿ" ಎಂದೆ. "ಕೂತ್ಕೊಳ್ಳಿ, ಅದಕ್ಕೇನಂತೆ" ಎಂದು ಇನ್ನಷ್ಟು ಸರಿದು ಜಾಗ ಮಾಡಿಕೊಟ್ಟರು.